ಗಡಿ ದಾಟುವ ಸೈನ್ಯಕ್ಕೆ ನೀತಿಯ ಅಂಕೆ ಬೇಕೇ?

ಡಿಸೆಂಬರ್ ತಿಂಗಳು ಬಂತೆಂದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಕ್ರೈಸ್ತ ಬಾಂಧವರ ಮನಸ್ಸು ಹಳೇ ಗೋವೆಯ ಕಡೆಗೆ ಹರಿಯುತ್ತದೆ. ತಿಂಗಳ 3ರಂದು ಸಂತ ಫ್ರಾನ್ಸಿಸ್ ಕ್ಸೇವಿಯರರ ಹಬ್ಬ. ಸಂಕೇಶ್ವರ ದಾಟಿ ಆಂಬೋಲಿ ಘಟ್ಟ ಇಳಿಯುವಾಗ ನಮ್ಮ ಕೈಯಲ್ಲಿ ಜಪಸರವಿರುತ್ತದೆ. ಅದೇ ತಿಂಗಳ 19 ಗೋವಾ ವಿಮೋಚನೆಯ ದಿನವೆಂಬುದು ಆಗ ನಮಗೆ ನೆನಪಾಗುವುದು ಅಪರೂಪ. 1961ರಲ್ಲಿ ಬೆಳಗಾವಿಯಲ್ಲಿ ಜಮಾವಣೆಗೊಂಡ ಭಾರತದ ಸೈನ್ಯ ಘಟ್ಟ ಇಳಿದದ್ದು ಜಪಸರ ಹಿಡಿದಲ್ಲ, ಬಂದೂಕು ಹಿಡಿದು.

ಒಂದು ರಾಷ್ಟ್ರ ತನ್ನ ಸೈನ್ಯವನ್ನು ಗಡಿಯಾಚೆಗೆ ಕಳುಹಿಸುವಾಗ ಧರ್ಮಾಧರ್ಮಗಳ ವಿಚಾರ ಮಾಡಬೇಕೇ, ಇಲ್ಲವೇ ಲಾಭನಷ್ಟದ ಲೆಕ್ಕವೊಂದೇ ಸಾಕೇ? ಇದು ದೆಹಲಿಯ ದೊಡ್ಡವರ ವಿಷಯವೆಂದು ನಾವು ಸುಮ್ಮನಿರುವಂತಿಲ್ಲ. ಮರಾಠಾ ಲಘು ಪದಾತಿ ದಳದ ಕೇಂದ್ರ ಬೆಳಗಾವಿಯಲ್ಲಿದೆ. ನಮ್ಮ ತಾಲೂಕುಗಳ ತರುಣರು ಸೈನ್ಯಕ್ಕೆ ಸೇರುತ್ತ ಬಂದಿದ್ದಾರೆ. ನೆರೆಯ ಶಿರೋಳ ತಾಲೂಕಿನ ಒಂದು ಊರಿಗಂತೂ ಸೈನಿಕ ಟಾಕಳಿ ಎಂದೇ ಹೆಸರು. ದೆಹಲಿಯ ನಿರ್ಣಯ ತಪ್ಪಿದರೆ ಅದರ ಸುದ್ದಿ ಹಿಂದೆ ತಂತಿಯ ಮೂಲಕ ಬರುತ್ತಿತ್ತು, ಈಗ ದೂರವಾಣಿಯಲ್ಲಿ ಬರುತ್ತದೆ. ಬಾಗಿಲು ಮಾತ್ರ ನಮ್ಮದೇ.

ಗೋವೆಯ ಪ್ರಕರಣದಲ್ಲಿ ಕಥೋಲಿಕರಾದ ನಮಗೆ ಒಂದು ವಿಶೇಷ ಪರೀಕ್ಷೆಯಿತ್ತು. ಭಾರತಕ್ಕೆ ಅದು ತನ್ನದೇ ನೆಲ. ಪೋರ್ತುಗಲ್ಲಿಗೆ ಅದು 1951ರ ಸಂವಿಧಾನ ತಿದ್ದುಪಡಿಯ ಪ್ರಕಾರ ಸಾಗರದಾಚೆಯ ಪ್ರಾಂತ್ಯ. ಸಾಲಾಜಾರರ ಸರ್ಕಾರ ಇನ್ನೊಂದು ಮಾತನ್ನೂ ಹೇಳುತ್ತಿತ್ತು: ಗೋವೆಯನ್ನು ಬಿಟ್ಟುಕೊಟ್ಟರೆ ಪೂರ್ವದೇಶದ ಕ್ರೈಸ್ತ ವಿಶ್ವಾಸಕ್ಕೇ ಕುತ್ತು. ಹೀಗೆ ವಿಶ್ವಾಸವನ್ನು ವಸಾಹತಿನ ಕಾವಲಿಗೆ ನಿಲ್ಲಿಸಿದ್ದು ನಮ್ಮ ಮಟ್ಟಿಗೆ ಅಪಚಾರವೇ ಸರಿ. 1955ರ ಜುಲೈಯಲ್ಲಿ ಜಗದ್ಗುರು ಹನ್ನೆರಡನೆಯ ಪಿಯುಸರನ್ನು ಕಂಡು ಹೊರಬಂದ ಪಂಡಿತ ನೆಹರೂ, ಗೋವೆಯ ಪ್ರಶ್ನೆ ರಾಜಕೀಯವಾದುದೇ ಹೊರತು ಧಾರ್ಮಿಕವಲ್ಲವೆಂಬುದನ್ನು ಜಗದ್ಗುರುಗಳೂ ಒಪ್ಪಿದರೆಂದು ತಿಳಿಸಿದರು. ಅದಕ್ಕಿಂತ ಬಲು ಮೊದಲೇ, 1928ರಲ್ಲಿ, ಗೋವಾ ಕಾಂಗ್ರೆಸ್ ಸಮಿತಿಯನ್ನು ಕಟ್ಟಿದ ತ್ರಿಸ್ತಾಂವ್ ದ ಬ್ರಾಗಾಂಸಾ ಕುನ್ಹಾ ಕ್ರೈಸ್ತ ಮನೆತನದವರು. 1955ರಿಂದ 1961ರವರೆಗೆ ಮೊದಲು ಆಂಬೋಲಿಯ, ಬಳಿಕ ಕ್ಯಾಸಲ್‌ರಾಕಿನ ಕಾಡಿನಲ್ಲಿ ಅಡಗಿ ಕುಳಿತು ಸ್ವಾತಂತ್ರ್ಯದ ಬಾನುಲಿ ನಡೆಸಿದವರು ಲಿಬಿಯಾ ಲೋಬೋ ಮತ್ತು ವಾಮನ ಸರದೇಸಾಯಿ. ನೂರು ವರ್ಷ ತುಂಬಿದ ಆ ತಾಯಿಗೆ 2025ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ಯಾರ ಹೆಸರಿನಲ್ಲಿ ಸೈನ್ಯ ಹೋಗುತ್ತದೆಯೋ ಆ ಜನ ತಾವೇ ಕರೆದಿದ್ದರೇ ಎಂದು ಕೇಳುವವರಿಗೆ ಆ ಬಾನುಲಿಯ ದನಿ ಉತ್ತರ ಕೊಡುತ್ತದೆ.

ಸಂತ ತೋಮಾಸ್ ಅಕ್ವಿನಾಸರು ನ್ಯಾಯವಾದ ಯುದ್ಧಕ್ಕೆ ಮೂರು ಕಟ್ಟಳೆಗಳನ್ನು ಹೇಳಿದ್ದಾರೆ: ಅಧಿಕಾರವುಳ್ಳವರ ಆಜ್ಞೆ, ನ್ಯಾಯವಾದ ಕಾರಣ, ಶುದ್ಧವಾದ ಉದ್ದೇಶ. ಬೇರೆಲ್ಲ ದಾರಿಗಳೂ ಮುಚ್ಚಿರಬೇಕೆಂಬುದು ಆ ಬಳಿಕ ಬೆಳೆದ ವಿಚಾರ. ಗೋವೆಯ ವಿಷಯದಲ್ಲಿ ಭಾರತ 14 ವರ್ಷ ಕಾಯಿತು. 1955ರ ಆಗಸ್ಟ್ 15ರಂದು ಬರಿಗೈಯ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತಾಗಲೂ ಸೈನ್ಯ ಹೋಗಲಿಲ್ಲ. ಕೊನೆಗೆ ಹೋದಾಗ ಸುಮಾರು 36 ತಾಸುಗಳಲ್ಲಿ ಕೆಲಸ ಮುಗಿಯಿತು. ಉದ್ದೇಶ ಮಾತ್ರ ಪೂರ್ಣ ನಿರ್ಮಲವಾಗಿತ್ತೆಂದು ನಾವು ಹೇಳಲಾರೆವು. ಮರುವರ್ಷವೇ ಸಾರ್ವತ್ರಿಕ ಚುನಾವಣೆಯಿತ್ತು. ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಮುಂಬಯಿಯಲ್ಲಿ ಅಭ್ಯರ್ಥಿಯಾಗಿದ್ದರು. ಲೋಕಕ್ಕೆಲ್ಲ ಅಹಿಂಸೆ ಬೋಧಿಸಿದ ದೇಶವೇ ಶಸ್ತ್ರ ಹಿಡಿಯಿತೆಂದು ಭದ್ರತಾ ಮಂಡಳಿಯಲ್ಲಿ ಕೇಳಿಬಂದ ಆಕ್ಷೇಪವೂ ಹಗುರವಾದುದಲ್ಲ. ಸೋವಿಯತ್ ದೇಶದ ನಿಷೇಧಾಧಿಕಾರ ನಮ್ಮನ್ನು ಕಾಪಾಡಿತು. ಆದರೆ ಮಂಡಳಿಯ ಮತವನ್ನು ತಡೆದ ಮಾತ್ರಕ್ಕೆ ಮನಸ್ಸಾಕ್ಷಿಯ ಪ್ರಶ್ನೆ ತೀರುವುದಿಲ್ಲ.

ಎದುರು ಪಾಳೆಯದಲ್ಲಿಯೂ ಒಬ್ಬನಿಗೆ ಇದೇ ಪ್ರಶ್ನೆ ಎದುರಾಯಿತು. ಗೆದ್ದ ಸೈನಿಕರು ಇಲ್ಲವೇ ಸತ್ತ ಸೈನಿಕರು, ಮೂರನೆಯ ದಾರಿಯಿಲ್ಲ ಎಂಬರ್ಥದ ಆಜ್ಞೆ ಲಿಸ್ಬನ್ನಿನಿಂದ ಬಂದಿತ್ತು. ಗವರ್ನರ್ ಜನರಲ್ ವಸ್ಸಾಲೊ ಎ ಸಿಲ್ವಾ ಅದನ್ನು ಮೀರಿ ಶರಣಾದ. ಸಾಲಾಜಾರರು ಆತನನ್ನು ಸೈನ್ಯದಿಂದಲೇ ಹೊರಹಾಕಿದರು. 1974ರ ಕ್ರಾಂತಿಯ ಬಳಿಕವಷ್ಟೇ ಆತನಿಗೆ ಮಾನ ಮರಳಿತು. ಗೋವೆಯ ಊರುಗಳು, ಗುಡಿಗಳು, ಇಗರ್ಜಿಗಳು ಸುಡದೆ ಉಳಿದುದಕ್ಕೆ ಆತನಿಗೂ ನಾವು ಋಣಿಗಳಾಗಿರಬೇಕು.

1971ರಲ್ಲಿ ಪ್ರಶ್ನೆ ಇನ್ನೂ ದೊಡ್ಡದಾಯಿತು. ಪೂರ್ವ ಪಾಕಿಸ್ತಾನದಿಂದ ಸುಮಾರು ಒಂದು ಕೋಟಿ ನಿರಾಶ್ರಿತರು ಬಂದರು. ಶಿಬಿರಗಳಲ್ಲಿ ಮದರ್ ತೆರೆಸಾರ ಸೋದರಿಯರು ಸಾಯುವವರನ್ನು ಎತ್ತಿಕೊಳ್ಳುತ್ತಿದ್ದರು. ಶುಭಸಂದೇಶದ ಸಮಾರಿಯದವನು ದಾರಿಗೆ ಬಂದಾಗ ಕಳ್ಳರು ಹೊರಟುಹೋಗಿದ್ದರು. ಹೊಡೆಯುತ್ತಿರುವಾಗಲೇ ಬಂದಿದ್ದರೆ ಅವನು ಏನು ಮಾಡಬೇಕಿತ್ತು? ಡಿಸೆಂಬರದಲ್ಲಿ ಮರಾಠಾ ದಳದ ಮೊದಲನೆಯ ಪಲ್ಟಣ ಜಮಾಲ್‌ಪುರದಲ್ಲಿ ಕಾದಿತು. ವಿಜಯಕ್ಕಿಂತ ನಮಗೆ ಹಿರಿದಾಗಿ ಕಾಣುವುದು ಆ ಬಳಿಕ ನಡೆದದ್ದು: 1972ರ ಮಾರ್ಚ್ 12ರಂದು ನಮ್ಮ ಸೈನ್ಯ ಢಾಕಾದಲ್ಲಿ ಬೀಳ್ಕೊಡುಗೆಯ ಕವಾಯತು ಮುಗಿಸಿ ಮನೆಗೆ ಹೊರಟಿತು. ಗೆದ್ದ ನೆಲದಲ್ಲಿ ಮೂರು ತಿಂಗಳೂ ತುಂಬಲಿಲ್ಲ.

ನೀತಿಯ ಮಾತೆಲ್ಲ ಬಲಿಷ್ಠರ ಹೊದಿಕೆ ಎನ್ನುವವರಿದ್ದಾರೆ. 2003ರಲ್ಲಿ ಇರಾಕಿನ ಮೇಲೆ ಹೋದ ಅಮೆರಿಕೆಯನ್ನು ಅವರು ತೋರಿಸಬಹುದು. ಆದರೆ ಆ ಯುದ್ಧ ಬೇಡವೆಂದು ಕಾರ್ಡಿನಲ್ ಪಿಯೊ ಲಾಘಿಯವರನ್ನು ವಾಷಿಂಗ್ಟನ್ನಿಗೆ ಅಟ್ಟಿದ ಜಗದ್ಗುರು ಎರಡನೆಯ ಜಾನ್ ಪೌಲರ ಕೈಯಲ್ಲಿದ್ದುದೂ ನೀತಿಯ ಮಾತೇ. ಹೊದಿಕೆಯನ್ನು ಎಳೆದು ತೋರಿಸುವುದಕ್ಕೂ ಅದೇ ಬೇಕು.

ನಮಗೆ ಹೆಚ್ಚು ನೋವು ಕೊಡುವುದು ಶ್ರೀಲಂಕೆಯ ಪ್ರಕರಣ. ಅಲ್ಲಿಗೆ ನಾವು ಹೋದದ್ದು ಶಾಂತಿಪಾಲನೆಗೆಂದು, 1987ರ ಜುಲೈ ಒಪ್ಪಂದದ ಮೇರೆಗೆ, ಆ ದೇಶದ ಅಧ್ಯಕ್ಷರ ಸಹಿಯೊಂದಿಗೆ. ಅಕ್ಟೋಬರದ ಹೊತ್ತಿಗೆ, ಯಾರನ್ನು ಕಾಯಲು ಹೋಗಿದ್ದೆವೋ ಅವರ ನಡುವೆಯೇ ಯುದ್ಧ ನಡೆದಿತ್ತು. ಅದೇ ತಿಂಗಳ 21ರಂದು, ದೀಪಾವಳಿಯ ದಿನ, ಜಾಫ್ನಾದ ಆಸ್ಪತ್ರೆಯಲ್ಲಿ ನಮ್ಮ ಸೈನಿಕರ ಗುಂಡಿಗೆ ವೈದ್ಯರು, ದಾದಿಯರು, ರೋಗಿಗಳು ಬಲಿಯಾದರು. ಒಳ್ಳೆಯ ಉದ್ದೇಶದಿಂದ ಹೋದೆವೆಂಬುದು ಆ ಮನೆಗಳಿಗೆ ಏನು ಸಮಾಧಾನ? ಹೋಗುವ ದಿನ ನೀತಿಯನ್ನು ವಿಚಾರಿಸಿದರೆ ಸಾಲದು. ಅಲ್ಲಿದ್ದ ಪ್ರತಿದಿನವೂ ವಿಚಾರಿಸಬೇಕಿತ್ತು. ನಮ್ಮವರೂ ಸಾವಿರಕ್ಕೂ ಹೆಚ್ಚು ಜನ ಮಡಿದರು. 1990ರ ಮಾರ್ಚಿನಲ್ಲಿ ಉಳಿದವರು ಮದ್ರಾಸಿನ ಬಂದರಿಗೆ ಬಂದಿಳಿದಾಗ ಆ ರಾಜ್ಯದ ಮುಖ್ಯಮಂತ್ರಿಗಳು ಸ್ವಾಗತಕ್ಕೆ ಹೋಗಲಿಲ್ಲ. ಮಡಿದವರ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿಸಿ ಸ್ಮಾರಕ ನಿಲ್ಲಿಸಿದ್ದು ಶ್ರೀಲಂಕೆ, ಕೊಲಂಬೊ ಬಳಿಯ ಬತ್ತರಮುಲ್ಲದಲ್ಲಿ.