ಮನೆಯ ಡಾಬ್ಸೋನಿಯನ್ ಟೆಲಿಸ್ಕೋಪಿನ ‘ಪವರ್’ ಹೆಚ್ಚಿಸಬಹುದೇ? ವೈರಲ್ ಸಲಹೆಗಳಲ್ಲಿ ಯಾವುದು ನಿಜ, ಯಾವುದು ಅಪಾಯ?

ಸಾರಾಂಶ

ಚಿಕ್ಕದೊಂದು ಲೆನ್ಸ್ ಸೇರಿಸಿದರೆ ಟೆಲಿಸ್ಕೋಪಿನ ಪವರ್ 600 ಪಟ್ಟು ಆಗುತ್ತದೆ, ಕನ್ನಡಿಯನ್ನು ಬಟ್ಟೆಯಿಂದ ಒರೆಸಿದರೆ ಚಿತ್ರ ಹೊಳೆಯುತ್ತದೆ, ಎಕ್ಸ್‌ರೇ ಹಾಳೆ ಅಡ್ಡ ಹಿಡಿದರೆ ಸೂರ್ಯನನ್ನೂ ನೋಡಬಹುದು. ಇಂಥ ವಿಡಿಯೊಗಳು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿವೆ. ನಾವು ಪರಿಶೀಲಿಸಿದೆವು. ಮೊದಲನೆಯದು ದಾರಿ ತಪ್ಪಿಸುವ ಮಾತು. ಎರಡನೆಯದರಿಂದ ಕನ್ನಡಿ ಹಾಳಾಗುತ್ತದೆ. ಮೂರನೆಯದರಿಂದ ಕಣ್ಣೇ ಹೋಗಬಹುದು. ಆದರೆ ಕಡಿಮೆ ಖರ್ಚಿನಲ್ಲಿ ಮನೆಯಲ್ಲೇ ಮಾಡಬಹುದಾದ, ನಿಜವಾಗಿಯೂ ಫಲ ಕೊಡುವ ಸುಧಾರಣೆಗಳೂ ಇವೆ.

ವಿಷಯ ನಮ್ಮ ಬಳಿಗೆ ಬಂದದ್ದು ಹೇಗೆ?

ದಾವಣಗೆರೆಯ ಓದುಗರೊಬ್ಬರು ಎಂಟನೇ ತರಗತಿಯ ಮಗಳಿಗೆಂದು 6 ಇಂಚಿನ ಡಾಬ್ಸೋನಿಯನ್ ಟೆಲಿಸ್ಕೋಪ್ ಕೊಂಡಿದ್ದರು. ಚಂದ್ರ ಚೆನ್ನಾಗಿ ಕಂಡ. ಗುರು ಗ್ರಹ ಮಾತ್ರ ಮಂಜಿನೊಳಗಿನ ಬಲ್ಬಿನಂತೆ ಕಂಡಿತು. ಅವರು ಮೂರು ವಿಡಿಯೊಗಳನ್ನು ನಮಗೆ ಕಳಿಸಿ, “ಇದರಲ್ಲಿ ಯಾವುದನ್ನು ಮಾಡಲಿ?” ಎಂದು ಕೇಳಿದರು. ಕೊನೆಯ ಸಾಲಿನಲ್ಲಿ ಇನ್ನೊಂದು ಮಾತಿತ್ತು: “ಮಗಳು ಶಾಲೆಯಲ್ಲಿ ಎಲ್ಲರಿಗೂ ಸೂರ್ಯನನ್ನು ತೋರಿಸಬೇಕು ಅಂತಿದ್ದಾಳೆ. ಮನೆಯಲ್ಲಿ ಹಳೆಯ ಎಕ್ಸ್‌ರೇ ಇದೆ.”

ಆ ಕೊನೆಯ ಸಾಲಿಗೆ ನಾವು ಅಂದೇ ಉತ್ತರ ಕಳಿಸಿದೆವು: “ದಯವಿಟ್ಟು ಬೇಡ.” ಕಾರಣವನ್ನು ಮುಂದೆ ವಿವರಿಸಿದ್ದೇವೆ. ಉಳಿದ ಪ್ರಶ್ನೆಗಳಿಗಾಗಿ ಒಂದು ಸಂಜೆ ಅವರ ಮನೆಯ ತಾರಸಿಯಲ್ಲಿ, ಇನ್ನೊಂದು ಸಂಜೆ ಹರಿಹರದ ಹೊರವಲಯದಲ್ಲಿ ಆ ಟೆಲಿಸ್ಕೋಪಿನ ಜೊತೆ ಕುಳಿತೆವು.

ಡಾಬ್ಸೋನಿಯನ್ ಎಂದರೇನು?

ಇದರ ಒಳಗಿರುವುದು ನ್ಯೂಟನ್ 1668ರಲ್ಲಿ ಮಾಡಿದ ಕನ್ನಡಿ ದೂರದರ್ಶಕದ ವಿನ್ಯಾಸವೇ. ಕೊಳವೆಯ ತಳದಲ್ಲಿ ದೊಡ್ಡ ಬಟ್ಟಲುಗನ್ನಡಿ, ಬಾಯಿಯ ಹತ್ತಿರ ಓರೆಯಾಗಿ ಕೂರಿಸಿದ ಚಿಕ್ಕ ಕನ್ನಡಿ, ಪಕ್ಕದಲ್ಲಿ ಕಣ್ಣಿಟ್ಟು ನೋಡುವ ಐಪೀಸ್. ಇದನ್ನು ಕಬ್ಬಿಣದ ದುಬಾರಿ ಸ್ಟ್ಯಾಂಡಿನ ಬದಲು ಮರದ ಸರಳ ಪೆಟ್ಟಿಗೆಯಲ್ಲಿ ಕೂರಿಸಿ, ಕೈಯಲ್ಲೇ ಅತ್ತಿತ್ತ, ಮೇಲೆ ಕೆಳಗೆ ತಿರುಗಿಸುವಂತೆ ಮಾಡಿದವರು ಜಾನ್ ಡಾಬ್ಸನ್ (1915–2014).

ನಮ್ಮ ಓದುಗರಿಗೆ ಅಚ್ಚರಿಯಾಗಬಹುದು, ಡಾಬ್ಸನ್ ಸನ್ಯಾಸಿಯಾಗಿದ್ದವರು. 1944ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ವೇದಾಂತ ಸೊಸೈಟಿಯ ಮಠ ಸೇರಿದರು. ಅದು ರಾಮಕೃಷ್ಣ ಪರಂಪರೆಗೆ ಸೇರಿದ ಸಂಸ್ಥೆ. ಹಡಗಿನ ಕಿಟಕಿಯ ಹಳೆಯ ಗಾಜನ್ನು ಉಜ್ಜಿ ಕನ್ನಡಿ ಮಾಡಿ, ಗುಜರಿ ಸಾಮಾನಿನಿಂದ ಟೆಲಿಸ್ಕೋಪ್ ಕಟ್ಟುತ್ತಿದ್ದರು. 1967ರಲ್ಲಿ ಮಠ ಬಿಟ್ಟ ಮೇಲೆ ಬೀದಿ ಬದಿಯಲ್ಲಿ ಟೆಲಿಸ್ಕೋಪ್ ಇಟ್ಟು ದಾರಿಹೋಕರಿಗೆ ಚಂದ್ರ, ಗ್ರಹಗಳನ್ನು ತೋರಿಸಿದರು. ಮನೆಯಲ್ಲೇ ಬಿಚ್ಚಿ, ಸರಿಪಡಿಸಿ, ಸುಧಾರಿಸಲು ಬರುವಂಥ ಯಂತ್ರವಿದು. ಆದರೆ ಏನನ್ನು ಮುಟ್ಟಬೇಕು, ಏನನ್ನು ಮುಟ್ಟಬಾರದು ಎಂಬುದು ಗೊತ್ತಿರಬೇಕು.

ಹೇಳಿಕೆ 1: “ಈ ಲೆನ್ಸ್ ಹಾಕಿದರೆ 600 ಪಟ್ಟು ಪವರ್”

ಲೆಕ್ಕ ಸರಿ, ಅರ್ಥ ತಪ್ಪು. ಕನ್ನಡಿಯ ನಾಭಿದೂರವನ್ನು ಐಪೀಸಿನ ನಾಭಿದೂರದಿಂದ ಭಾಗಿಸಿದರೆ ವರ್ಧನೆ ಸಿಗುತ್ತದೆ. ಈ ಟೆಲಿಸ್ಕೋಪಿನ ನಾಭಿದೂರ 1200 ಮಿ.ಮೀ. ಹೀಗಾಗಿ 25 ಮಿ.ಮೀ. ಐಪೀಸಿನಲ್ಲಿ 48 ಪಟ್ಟು, 10 ಮಿ.ಮೀ. ಐಪೀಸಿನಲ್ಲಿ 120 ಪಟ್ಟು. 4 ಮಿ.ಮೀ. ಐಪೀಸಿಗೆ ದುಪ್ಪಟ್ಟು ಮಾಡುವ ಬಾರ್ಲೋ ಲೆನ್ಸ್ ಸೇರಿಸಿದರೆ ಕಾಗದದ ಮೇಲೆ 600 ಪಟ್ಟು.

ಆದರೆ ಟೆಲಿಸ್ಕೋಪಿನ ನಿಜವಾದ ಶಕ್ತಿ ಇರುವುದು ಕನ್ನಡಿಯ ಅಗಲದಲ್ಲಿ. 150 ಮಿ.ಮೀ. ಕನ್ನಡಿ ಕತ್ತಲಿಗೆ ಅರಳಿದ ನಮ್ಮ ಕಣ್ಣಿನ ಪಾಪೆಗಿಂತ ಸುಮಾರು 450 ಪಟ್ಟು ಹೆಚ್ಚು ಬೆಳಕು ಹಿಡಿಯುತ್ತದೆ. ಸಿಕ್ಕಿದ್ದು ಅಷ್ಟೇ ಬೆಳಕು. ವರ್ಧನೆಯನ್ನು 120ರಿಂದ 600ಕ್ಕೆ ಏರಿಸಿದರೆ ಅದೇ ಬೆಳಕು 25 ಪಟ್ಟು ದೊಡ್ಡ ಜಾಗಕ್ಕೆ ಹರಡುತ್ತದೆ. ಚಿತ್ರ ದೊಡ್ಡದಾಗುತ್ತದೆ, ಮಂಕಾಗುತ್ತದೆ, ಹೊಸ ವಿವರವೇನೂ ಸಿಗುವುದಿಲ್ಲ. ಫೋನಿನಲ್ಲಿ ಫೋಟೊವನ್ನು ಎರಡು ಬೆರಳಿನಿಂದ ಹಿಗ್ಗಿಸುತ್ತಾ ಹೋದರೆ ಕೊನೆಗೆ ಚೌಕಗಳಷ್ಟೇ ಕಾಣುತ್ತವಲ್ಲ, ಹಾಗೆ. ಪ್ರತಿ ಇಂಚಿಗೆ 50 ಪಟ್ಟು ಎಂಬುದು ರೂಢಿಯ ಮಿತಿ. 6 ಇಂಚಿಗೆ ಅದು 300. ಗಾಳಿ ಅಲುಗಾಡುವ ಸಾಮಾನ್ಯ ರಾತ್ರಿಗಳಲ್ಲಿ 150ರಿಂದ 200 ಪಟ್ಟು ದಾಟುವುದು ಕಷ್ಟ.

‘ಆಗಸ್ಟ್ 27ರಂದು ಮಂಗಳ ಗ್ರಹ ಚಂದ್ರನಷ್ಟು ದೊಡ್ಡದಾಗಿ ಕಾಣುತ್ತದೆ’ ಎಂಬ ಹಳೆಯ ಫಾರ್ವರ್ಡ್ ಹುಟ್ಟಿದ್ದೂ ಇದೇ ಗೊಂದಲದಿಂದ. 2003ರ ಆ ದಿನ ಮಂಗಳ ಭೂಮಿಗೆ ಸುಮಾರು 5.58 ಕೋಟಿ ಕಿ.ಮೀ. ಹತ್ತಿರ ಬಂದಿತ್ತು. 75 ಪಟ್ಟು ವರ್ಧನೆಯ ಟೆಲಿಸ್ಕೋಪಿನಲ್ಲಿ ನೋಡಿದರೆ ಅದು ಬರಿಗಣ್ಣಿಗೆ ಕಾಣುವ ಚಂದ್ರನಷ್ಟು ಕಾಣುತ್ತದೆ ಎಂಬುದು ಮೂಲ ಸಂದೇಶ. ಕೈಯಿಂದ ಕೈಗೆ ದಾಟುವಾಗ ‘ಟೆಲಿಸ್ಕೋಪಿನಲ್ಲಿ’ ಎಂಬ ಪದ ಬಿದ್ದುಹೋಯಿತು.

ಹೇಳಿಕೆ 2: “ಕನ್ನಡಿಯನ್ನು ಬಟ್ಟೆಯಿಂದ ಒರೆಸಿ”

ಬೇಡ. ಮನೆಯ ಕನ್ನಡಿಗೆ ಲೇಪ ಗಾಜಿನ ಹಿಂದಿರುತ್ತದೆ. ಟೆಲಿಸ್ಕೋಪಿನ ಕನ್ನಡಿಗೆ ಅಲ್ಯೂಮಿನಿಯಂ ಲೇಪ ಗಾಜಿನ ಮುಂದೆಯೇ ಇರುತ್ತದೆ. ಅದು ತಲೆಗೂದಲಿಗಿಂತ ನೂರಾರು ಪಟ್ಟು ತೆಳು. ಒಣ ಬಟ್ಟೆ ಉಜ್ಜಿದರೆ ಧೂಳಿನ ಕಣಗಳೇ ಉಪ್ಪುಕಾಗದದಂತೆ ಗೀರುತ್ತವೆ. ಒಂದಿಷ್ಟು ಧೂಳು ಕೂತರೆ ಚಿತ್ರಕ್ಕೆ ಅಂಥ ನಷ್ಟವಿಲ್ಲ. ತೀರಾ ಕೊಳೆಯಾದರೆ ಕನ್ನಡಿಯನ್ನು ಬಿಚ್ಚಿ, ಹರಿಯುವ ನೀರಿನಲ್ಲಿ ಧೂಳು ತೊಳೆದು, ಪಾತ್ರೆ ತೊಳೆಯುವ ದ್ರವದ ಒಂದೆರಡು ಹನಿ ಬೆರೆಸಿದ ನೀರಿನಲ್ಲಿ ನೆನೆಸಿ, ಕೊನೆಗೆ ಡಿಸ್ಟಿಲ್ಡ್ ವಾಟರ್ ಸುರಿದು, ಓರೆಯಾಗಿ ನಿಲ್ಲಿಸಿ ತಾನಾಗಿ ಒಣಗಲು ಬಿಡಿ. ವರ್ಷಕ್ಕೊಮ್ಮೆಗಿಂತ ಹೆಚ್ಚು ಇದು ಬೇಕಾಗುವುದಿಲ್ಲ.

ಹಾಗಾದರೆ ನಿಜವಾಗಿ ಕೆಲಸ ಮಾಡುವುದೇನು?

ಕನ್ನಡಿಗಳ ಜೋಡಣೆ ಸರಿಪಡಿಸುವುದು. ಇದಕ್ಕೆ ಕಾಲಿಮೇಷನ್ ಎನ್ನುತ್ತಾರೆ. ಎರಡು ಕನ್ನಡಿಗಳೂ ಐಪೀಸೂ ಒಂದೇ ನೇರಕ್ಕೆ ಇರಬೇಕು. ಬೈಕಿನಲ್ಲೋ ಆಟೊದಲ್ಲೋ ಸಾಗಿಸಿದರೆ ಇದು ತಪ್ಪುತ್ತದೆ. ಐಪೀಸಿನ ಜಾಗಕ್ಕೆ ನಡುವೆ ಸಣ್ಣ ತೂತು ಮಾಡಿದ ಮುಚ್ಚಳ ಹಾಕಿ ಇಣುಕಿ. ಮೊದಲು ಚಿಕ್ಕ ಕನ್ನಡಿಯೊಳಗೆ ದೊಡ್ಡ ಕನ್ನಡಿ ಪೂರ್ತಿ ಕಾಣುವಂತೆ ಮಾಡಿ. ಬಳಿಕ ತಳದ ಮೂರು ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ, ದೊಡ್ಡ ಕನ್ನಡಿಯ ನಡುವಿನ ಗುರುತು ಮುಚ್ಚಳದ ತೂತಿನ ಪ್ರತಿಬಿಂಬಕ್ಕೆ ಸೇರುವಂತೆ ಮಾಡಿ.

ಕೊನೆಯ ಪರೀಕ್ಷೆ ನಕ್ಷತ್ರದ ಮೇಲೆ. ಫೋಕಸ್ಸನ್ನು ತುಸು ತಪ್ಪಿಸಿದಾಗ ಒಂದರೊಳಗೊಂದು ಸಮವಾದ ಉಂಗುರಗಳು ಕಂಡರೆ ಜೋಡಣೆ ಸರಿಯಿದೆ. ಇದಕ್ಕೆ ಧ್ರುವ ನಕ್ಷತ್ರ ಅನುಕೂಲ, ಏಕೆಂದರೆ ಅದು ಕಣ್ಣೆದುರಿನಿಂದ ಸರಿದುಹೋಗುವುದಿಲ್ಲ. ದಾವಣಗೆರೆ, ಹರಿಹರ ಎರಡೂ ಸುಮಾರು 14.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಹಾಗಾಗಿ ಧ್ರುವ ನಕ್ಷತ್ರ ಉತ್ತರ ದಿಗಂತದಿಂದ ಅಷ್ಟೇ ಡಿಗ್ರಿ ಮೇಲಿರುತ್ತದೆ. ಕೈ ಚಾಚಿ ಹಿಡಿದ ಮುಷ್ಟಿಯ ಒಂದೂವರೆಯಷ್ಟು ಎತ್ತರ.

ನಮ್ಮ ಓದುಗರ ಟೆಲಿಸ್ಕೋಪಿನ ಮುಖ್ಯ ತೊಂದರೆ ಇದೇ ಆಗಿತ್ತು. ಅರ್ಧ ಗಂಟೆ ಸ್ಕ್ರೂ ತಿರುಗಿಸಿದ ಮೇಲೆ ಗುರುವಿನ ಮೇಲೆ ಎರಡು ಕಂದು ಪಟ್ಟಿಗಳು ಕಂಡವು. ಹೊಸದಾಗಿ ಕೊಂಡದ್ದು ಏನೂ ಇಲ್ಲ.

ತಣಿಯಲು ಬಿಡುವುದು. ಹಗಲಿಡೀ ಕಾದ ಕೋಣೆಯಿಂದ ತಂದ ಕನ್ನಡಿಯ ಮೇಲೆ ಬಿಸಿಗಾಳಿ ಏಳುತ್ತಿರುತ್ತದೆ. ಕಾದ ಟಾರು ರಸ್ತೆಯ ಮೇಲಿನ ನೋಟದಂತೆ ಚಿತ್ರ ನಡುಗುತ್ತದೆ. ನೋಡುವ ಮುಕ್ಕಾಲು ಗಂಟೆ ಮೊದಲೇ ಹೊರಗಿಡಿ. ಹಳೆಯ ಕಂಪ್ಯೂಟರಿನ 12 ವೋಲ್ಟ್ ಫ್ಯಾನನ್ನು ಕನ್ನಡಿಯ ಹಿಂದೆ ಕಟ್ಟಿ ನಿಧಾನವಾಗಿ ತಿರುಗಿಸಿದರೆ ಬೇಗ ತಣಿಯುತ್ತದೆ. ಕಾಂಕ್ರೀಟ್ ತಾರಸಿ ರಾತ್ರಿಯೂ ಬಿಸಿ ಬಿಡುತ್ತಿರುತ್ತದೆ. ಮಣ್ಣಿನ ಅಂಗಳ ಅದಕ್ಕಿಂತ ಒಳ್ಳೆಯದು.

ಒಳಗೋಡೆಗೆ ಕಪ್ಪು. ಬೀದಿದೀಪದ ಬೆಳಕು ಕೊಳವೆಯೊಳಗೆ ಪುಟಿದು ಚಿತ್ರವನ್ನು ಮಸುಕು ಮಾಡುತ್ತದೆ. ಐಪೀಸಿನ ಎದುರಿನ ಒಳಗೋಡೆಗೆ ಹೊಳಪಿಲ್ಲದ ಕಪ್ಪು ವೆಲ್ವೆಟ್ ಕಾಗದ ಅಂಟಿಸಿ, ಅಥವಾ ಶಾಲೆಯ ಬೋರ್ಡಿಗೆ ಬಳಿಯುವ ಕಪ್ಪು ಬಣ್ಣ ಬಳಿಯಿರಿ. ಬಣ್ಣ ಬಳಿಯುವ ಮೊದಲು ಎರಡೂ ಕನ್ನಡಿ ತೆಗೆದಿಡಿ. ಕೊಳವೆಯ ಬಾಯಿಗೆ ಕಪ್ಪು ಹಾಳೆಯ ಒಂದಡಿ ಕೊರಳು ಸುತ್ತಿದರೆ ಬೆಳಕೂ ತಡೆಯುತ್ತದೆ, ಇಬ್ಬನಿಯೂ ತಡೆಯುತ್ತದೆ. ಹರಿಹರದಲ್ಲಿ ತುಂಗಭದ್ರೆಯ ಹತ್ತಿರ ಚಳಿಗಾಲದ ರಾತ್ರಿ ನೋಡುವವರಿಗೆ ಇದು ಬೇಕೇ ಬೇಕು.

ತಿರುಗುವ ತಳ. 120 ಪಟ್ಟಿನಲ್ಲಿ ನೋಡುವಾಗ ಗ್ರಹವೊಂದು ಸುಮಾರು 100 ಸೆಕೆಂಡಿನಲ್ಲಿ ನೋಟದಿಂದ ಜಾರಿಹೋಗುತ್ತದೆ. ಜಾರುವುದು ಗ್ರಹವಲ್ಲ, ತಿರುಗುತ್ತಿರುವುದು ನಮ್ಮ ಭೂಮಿ. ಆದ್ದರಿಂದ ಕೊಳವೆಯನ್ನು ಆಗಾಗ ಒಂದಿಷ್ಟೇ ತಳ್ಳುತ್ತಿರಬೇಕು. ತಳ ಬಿಗಿಯಾಗಿದ್ದರೆ ಅದು ಮೊದಲು ಕದಲುವುದಿಲ್ಲ, ಆಮೇಲೆ ಒಮ್ಮೆಗೇ ಹಾರುತ್ತದೆ. ಮೂರು ಟೆಫ್ಲಾನ್ ತುಂಡುಗಳನ್ನು ತಳದ ಕಾಲುಗಳ ನೇರಕ್ಕೆ ಕೂರಿಸಿ, ಅವುಗಳ ಮೇಲೆ ಜಾರುವ ಹಲಗೆಗೆ ಸ್ವಲ್ಪ ತರಿಯಿರುವ ಸನ್‌ಮೈಕಾ ಅಂಟಿಸಿದರೆ ಚಲನೆ ಬೆಣ್ಣೆಯಂತಾಗುತ್ತದೆ. ಫರ್ನಿಚರ್ ಕೆಲಸದವರ ಬಳಿ ಉಳಿದ ತುಂಡುಗಳೇ ಸಾಕು. ಎಣ್ಣೆ, ಗ್ರೀಸ್ ಹಾಕಬೇಡಿ, ಧೂಳು ಹಿಡಿಯುತ್ತದೆ. ಐಪೀಸ್ ಸಡಿಲವಾಗಿದ್ದರೆ ಲೇತ್ ಅಂಗಡಿಯಲ್ಲಿ ಅಲ್ಯೂಮಿನಿಯಂ ಉಂಗುರವೊಂದನ್ನು ಕಡೆಸಿಕೊಳ್ಳಬಹುದು. ಲೇತ್ ಯಂತ್ರಗಳಿಗೇ ಹೆಸರಾಗಿದ್ದ ಹರಿಹರದಲ್ಲಿ ಇದು ಕಷ್ಟದ ಮಾತಲ್ಲ.

ಜಾಗ ಬದಲಿಸುವುದು. ದಾವಣಗೆರೆಯ ನಡುವಿನಿಂದ ಕೊಂಡಜ್ಜಿ ಕಡೆಗೆ ಹೋದರೆ ಕಾಣುವ ನಕ್ಷತ್ರಗಳ ಸಂಖ್ಯೆಯೇ ಬದಲಾಗುತ್ತದೆ. ಯಾವ ಲೆನ್ಸೂ ಇಷ್ಟು ಲಾಭ ಕೊಡದು. ರಾತ್ರಿ ಒಬ್ಬರೇ ಹೋಗಬೇಡಿ, ಮನೆಯವರಿಗೆ ತಿಳಿಸಿ ಹೋಗಿ.

ಒಂದು ಮಾತು ನೆನಪಿರಲಿ. ಫೋನಿನಲ್ಲಿ ಬರುವ ಕೆಂಪು, ನೀಲಿ ನೀಹಾರಿಕೆಗಳ ಚಿತ್ರಗಳು ದೀರ್ಘ ಹೊತ್ತು ಬೆಳಕು ಕೂಡಿಸಿ ತೆಗೆದವು. ಮಂದ ಬೆಳಕಿನಲ್ಲಿ ನಮ್ಮ ಕಣ್ಣು ಬಣ್ಣ ಗುರುತಿಸದು. ಆದ್ದರಿಂದ ಓರಿಯನ್ ನೀಹಾರಿಕೆ ಬೂದು ಹೊಗೆಯಂತೆ ಕಂಡರೆ ಟೆಲಿಸ್ಕೋಪ್ ಕೆಟ್ಟಿದೆ ಎಂದಲ್ಲ.

ಹೇಳಿಕೆ 3: “ಎಕ್ಸ್‌ರೇ ಹಾಳೆ ಇಟ್ಟು ಸೂರ್ಯನನ್ನು ನೋಡಿ”

ಇದು ಅತ್ಯಂತ ಅಪಾಯಕಾರಿ. 2019ರ ಡಿಸೆಂಬರ್ 26ರಂದು ಮಂಗಳೂರಿನಲ್ಲಿ ಕಂಕಣ ಗ್ರಹಣ, ದಾವಣಗೆರೆಯಲ್ಲಿ ಪಾರ್ಶ್ವ ಗ್ರಹಣ ಕಂಡಿತ್ತು. ಪ್ರತಿ ಗ್ರಹಣಕ್ಕೂ ಎಕ್ಸ್‌ರೇ ಹಾಳೆ, ಸಿ.ಡಿ., ಸಗಣಿ ನೀರಿನ ಸಲಹೆಗಳು ಮತ್ತೆ ಬರುತ್ತವೆ. ಬರಿಗಣ್ಣಿಗೇ ಇವು ಸುರಕ್ಷಿತವಲ್ಲ. ಎಕ್ಸ್‌ರೇ ಹಾಳೆ ಕಣ್ಣಿಗೆ ಕಾಣುವ ಬೆಳಕನ್ನು ಕುಗ್ಗಿಸಿದರೂ ಕಾಣದ ಅವಕೆಂಪು ಕಿರಣಗಳನ್ನು ಬಿಡುತ್ತದೆ.

ಟೆಲಿಸ್ಕೋಪಿನಲ್ಲಿ ಅಪಾಯ ಇನ್ನೂ ದೊಡ್ಡದು. 150 ಮಿ.ಮೀ. ಕನ್ನಡಿ ನಡುಹಗಲಿನಲ್ಲಿ ಸುಮಾರು 15 ವಾಟ್‌ನಷ್ಟು ಬಿಸಿಲನ್ನು ಬೆರಳುಗುರಿನಷ್ಟು ಜಾಗಕ್ಕೆ ತರುತ್ತದೆ. ಅಲ್ಲಿ ಇಟ್ಟ ಹಾಳೆ ಕ್ಷಣಗಳಲ್ಲಿ ಕರಗುತ್ತದೆ. ಐಪೀಸಿಗೆ ತಿರುಗಿಸಿ ಹಾಕುವ ಚಿಕ್ಕ ‘ಸನ್ ಫಿಲ್ಟರ್’ ಕೂಡ ಬಿಸಿಗೆ ಒಡೆಯಬಹುದು. ಅಂಥದ್ದಿದ್ದರೆ ಬಳಸಬೇಡಿ. ಗ್ರಹಣದ ಕನ್ನಡಕ ಹಾಕಿಕೊಂಡು ಟೆಲಿಸ್ಕೋಪಿನಲ್ಲಿ ಇಣುಕುವುದೂ ಅಷ್ಟೇ ತಪ್ಪು. ನಮ್ಮ ರೆಟಿನಾಕ್ಕೆ ನೋವು ತಿಳಿಯುವುದಿಲ್ಲ. ಸುಟ್ಟದ್ದು ಗೊತ್ತಾಗುವುದು ನೋಟ ಮಸುಕಾದ ಮೇಲೆ.

ಸುರಕ್ಷಿತ ದಾರಿ ಒಂದೇ: ಟೆಲಿಸ್ಕೋಪಿಗೆಂದೇ ತಯಾರಾದ ಸೌರ ಫಿಲ್ಟರ್, ಅದೂ ಕೊಳವೆಯ ಬಾಯಿಯನ್ನು ಪೂರ್ತಿ ಮುಚ್ಚುವಂಥದ್ದು, ಗಾಳಿಗೆ ಹಾರದಂತೆ ಬಿಗಿದಿರಬೇಕು. ಪ್ರತಿ ಸಲವೂ ಬೆಳಕಿಗೆ ಹಿಡಿದು ತೂತು, ಗೀರು ಇಲ್ಲವೆಂದು ನೋಡಿ. ಗುರಿ ಹಿಡಿಯುವ ಚಿಕ್ಕ ದುರ್ಬೀನನ್ನು ಕಳಚಿಡಿ. ಹಗಲಿನಲ್ಲಿ ಟೆಲಿಸ್ಕೋಪಿನ ಬಳಿ ಮಕ್ಕಳನ್ನಷ್ಟೇ ಬಿಡಬೇಡಿ.

ಫಿಲ್ಟರ್ ಇಲ್ಲದಿದ್ದರೆ ರಟ್ಟಿನಲ್ಲಿ ಸೂಜಿತೂತು ಮಾಡಿ, ಸೂರ್ಯನಿಗೆ ಬೆನ್ನು ಮಾಡಿ ನಿಂತು, ಬಿಂಬವನ್ನು ಗೋಡೆಯ ಮೇಲೆ ಬೀಳಿಸಿ. ಆ ಹುಡುಗಿ ಶಾಲೆಯಲ್ಲಿ ಕೊನೆಗೆ ಮಾಡಿದ್ದು ಇದನ್ನೇ. ಒಬ್ಬೊಬ್ಬರೇ ಇಣುಕುವ ಬದಲು ಇಡೀ ತರಗತಿ ಒಟ್ಟಿಗೇ ನೋಡಿತು.

ತೀರ್ಮಾನ

‘ಲೆನ್ಸ್ ಸೇರಿಸಿ 600 ಪಟ್ಟು ಪವರ್’ ಎಂಬುದು ದಾರಿ ತಪ್ಪಿಸುವ ಮಾಹಿತಿ. ‘ಬಟ್ಟೆಯಿಂದ ಒರೆಸಿ’ ಎಂಬುದು ತಪ್ಪು. ‘ಎಕ್ಸ್‌ರೇ ಹಾಳೆಯಿಂದ ಸೂರ್ಯ ನೋಡಿ’ ಎಂಬುದು ತಪ್ಪು ಮತ್ತು ಅಪಾಯಕಾರಿ. ಮೊದಲು ಕಾಲಿಮೇಷನ್, ಆಮೇಲೆ ತಣಿಸುವುದು, ಕಪ್ಪು ಹಾಳೆ, ತಳ, ಕೊನೆಗೆ ಹೊಸ ಐಪೀಸ್. ಖರ್ಚು ಮಾಡುವ ಕ್ರಮ ಇದೇ ಇರಲಿ. ಮೂರನೆಯ ವಿಡಿಯೊ ನಿಮ್ಮ ಗುಂಪಿಗೆ ಬಂದರೆ ಮುಂದೆ ಕಳಿಸಬೇಡಿ. ಕಳಿಸಿದವರಿಗೆ ಫೋನ್ ಮಾಡಿ ಹೇಳಿ.