ಬೆಳಗಿನ ಹೊತ್ತು ಬೇರು ಮಾಡುವ ಕೆಲಸ

ಮಣ್ಣಿನಲ್ಲಿ ಕಬ್ಬಿಣಕ್ಕೆ ಬರವಿಲ್ಲ. ಭೂಮಿಯ ಹೊರಚಿಪ್ಪಿನ ತೂಕದಲ್ಲಿ ಸುಮಾರು ಶೇ 5ರಷ್ಟು ಅದೇ. ಆದರೂ ಸುಣ್ಣದಂಶ ಹೆಚ್ಚಿರುವ ಎರೆಹೊಲದಲ್ಲಿ ಜೋಳದ ಎಳೆಗರಿ ಹಳದಿ ತಿರುಗುತ್ತದೆ, ನರಗಳಷ್ಟೇ ಹಸಿರಾಗಿ ಉಳಿಯುತ್ತವೆ. ಕಬ್ಬಿಣವಿಲ್ಲದೆ ಪತ್ರಹರಿತ್ತು ತಯಾರಾಗದು. ಹಳೆಯ ಗರಿಯೊಳಗೆ ಸೇರಿದ ಕಬ್ಬಿಣ ಹೊಸದಕ್ಕೆ ಸುಲಭವಾಗಿ ಸಾಗದು, ಹಾಗಾಗಿ ಮೊದಲು ಸೊರಗುವುದು ಸುಳಿ.

ಗಾಳಿಯಾಡುವ ಕ್ಷಾರ ಮಣ್ಣಿನಲ್ಲಿ ಕಬ್ಬಿಣ ತುಕ್ಕಿನಂತೆ ಕೂತಿರುತ್ತದೆ, ನೀರಿಗೆ ಕರಗುವುದಿಲ್ಲ. ಶೇಂಗಾದಂಥ ಗಿಡಗಳು ಬೇರಿನಿಂದ ಆಮ್ಲ ಬಿಟ್ಟು, ಅದನ್ನು ಕರಗುವ ಫೆರಸ್ ರೂಪಕ್ಕೆ ತಂದು ಹೀರುತ್ತವೆ. ಸುಣ್ಣ ಹೆಚ್ಚಿದ್ದರೆ ಆ ಆಮ್ಲವೆಲ್ಲ ಸುಣ್ಣದ ಪಾಲು.

ಹುಲ್ಲಿನ ಕುಲದ ಪೈರುಗಳು ಹಿಡಿದ ದಾರಿಯೇ ಬೇರೆ. ಸಸ್ಯಲೋಕದಲ್ಲಿ ನನ್ನನ್ನು ಇಷ್ಟು ಬೆರಗುಗೊಳಿಸಿದ್ದು ಕಡಿಮೆ. 1976ರಲ್ಲಿ ಜಪಾನಿನ ತಕಾಗಿ ಎಂಬ ವಿಜ್ಞಾನಿ, ಓಟ್ಸ್ ಮತ್ತು ಭತ್ತದ ಬೇರು ತೊಳೆದ ನೀರಿನಲ್ಲಿ ಕಬ್ಬಿಣವನ್ನು ಹಿಡಿದಿಡುವ ಪದಾರ್ಥವಿದೆ ಎಂದು ತೋರಿಸಿದರು. ಮುಂದೆ ಬಾರ್ಲಿಯಲ್ಲಿ ಸಿಕ್ಕ ಅಂಥದೇ ಪದಾರ್ಥಕ್ಕೆ ಮುಗಿನೆಯಿಕ್ ಆಮ್ಲ ಎಂಬ ಹೆಸರು ಬಂತು. ಗೋಧಿ, ಬಾರ್ಲಿಗಳಿಗೆ ಜಪಾನೀಯರು ಹೇಳುವುದು ‘ಮುಗಿ’ ಎಂದೇ. ಬಾರ್ಲಿಯ ಬೇರು ಇದನ್ನು ದಿನವಿಡೀ ಒಸರುವುದಿಲ್ಲ; ಹೊತ್ತು ಮೂಡಿದ ಕೆಲವು ತಾಸಿನೊಳಗೆ ಒಮ್ಮೆಲೇ ಸುರಿಯುತ್ತದೆ. ತಡವಾದರೆ ಮಣ್ಣಿನ ಸೂಕ್ಷ್ಮಜೀವಿಗಳು ತಿಂದುಬಿಡುತ್ತವೆ. ಆಮ್ಲದ ಅಣು ಏಡಿಯ ಕೊಂಡಿಯ ಹಾಗೆ ಕಬ್ಬಿಣವನ್ನು ಕಚ್ಚಿ ಹಿಡಿದ ಮೇಲೆ, ಬೇರು ಎರಡನ್ನೂ ಒಟ್ಟಿಗೇ ಒಳಗೆಳೆದುಕೊಳ್ಳುತ್ತದೆ. ಮೆಕ್ಕೆಜೋಳದ ಒಂದು ತಳಿಯಲ್ಲಿ ಈ ಬಾಗಿಲೇ ಕೆಟ್ಟಿದೆ. ಅದು ಆಮ್ಲವನ್ನು ಬಿಡಬಲ್ಲದು, ಕಬ್ಬಿಣ ಹೊತ್ತು ಬಂದದ್ದನ್ನು ಒಳಗೆ ಕರೆದುಕೊಳ್ಳಲಾರದು. ಅದರ ಗರಿಗಳ ತುಂಬ ಹಳದಿ ಪಟ್ಟೆ. ಕೆಟ್ಟಿದ್ದ ಜೀನ್ ಯಾವುದೆಂದು 2001ರಲ್ಲಿ ತಿಳಿಯಿತು.

ಭತ್ತ ಈ ಆಮ್ಲವನ್ನು ಬಿಡುವುದು ಬಲು ಕಡಿಮೆ. ಕೆಸರುಗದ್ದೆಯಲ್ಲಿ ಅದರ ಅಗತ್ಯವೂ ಅಷ್ಟಿಲ್ಲ. ನೀರು ನಿಂತ ಮಣ್ಣಿನಲ್ಲಿ ಆಮ್ಲಜನಕ ತೀರಿ, ಕಬ್ಬಿಣ ತಾನಾಗಿ ಫೆರಸ್ ಆಗಿ ಕರಗುತ್ತದೆ. ಆದರೆ ಅದೇ ನೀರು ಸತುವನ್ನು ಕಟ್ಟಿಹಾಕುತ್ತದೆ. ಹಿಮಾಲಯದ ತಪ್ಪಲಿನ ತರಾಯಿ ಗದ್ದೆಗಳಲ್ಲಿ ಭತ್ತದ ಗರಿ ತುಕ್ಕುಬಣ್ಣಕ್ಕೆ ತಿರುಗುವ ‘ಖೈರಾ’ ರೋಗಕ್ಕೆ ಸತುವಿನ ಕೊರತೆಯೇ ಕಾರಣವೆಂದು 1966ರಲ್ಲಿ ತಿಳಿಸಿದವರು ಪಂತನಗರದ ವೈ. ಎಲ್. ನೆನೆ. ಶಿಲೀಂಧ್ರವೂ ಅಲ್ಲ, ಕೀಟವೂ ಅಲ್ಲ. ಸತುವಿನ ಸಲ್ಫೇಟ್ ಸಿಂಪಡಿಸಿದರೆ ಪೈರು ಚೇತರಿಸಿಕೊಳ್ಳುತ್ತಿತ್ತು.

ಈಗ ನೀರು ಉಳಿಸಲೆಂದು ನಮ್ಮಲ್ಲೂ ಏರೋಬಿಕ್ ಭತ್ತ ಬಂದಿದೆ. ನೀರು ನಿಲ್ಲದ ಹೊಲದಲ್ಲಿ ಕಬ್ಬಿಣ ಮತ್ತೆ ತುಕ್ಕಾಗುತ್ತದೆ, ಅದನ್ನು ಹಿಡಿದು ತರುವ ಆಮ್ಲ ಭತ್ತದ ಬೇರಿನಲ್ಲಿ ಸಾಕಷ್ಟಿಲ್ಲ. ಸುಳಿ ಬಿಳಿಚಿಕೊಂಡಾಗ ರೈತರು ಫೆರಸ್ ಸಲ್ಫೇಟನ್ನು ಗರಿಯ ಮೇಲೆ ಸಿಂಪಡಿಸುವುದು ಇದಕ್ಕೇ. ಅಂಥ ಮಣ್ಣಿಗೆ ಹಾಕಿದ್ದು ಬೇರಿಗೆ ಸಿಗುವ ಮೊದಲೇ ಬಹುಪಾಲು ತುಕ್ಕಾಗಿರುತ್ತದೆ.