ಬಾರ್ ಬಿಟ್ಟವರು ಸಂಜೆ ಎಲ್ಲಿಗೆ ಹೋಗ್ತಾರೆ?

ಕುಡಿತ ಬಿಡಬೇಕು ಅಂತ ಒಬ್ಬರು ಗಟ್ಟಿ ಮನಸ್ಸು ಮಾಡಿದ್ದಾರೆ.
ಸಂಜೆ ಏಳಾಯ್ತು. ಕಾಲು ಬಾರ್ ಕಡೆಗೇ ಎಳೀತಿದೆ.
ಈಗ ಹೋಗೋದೆಲ್ಲಿಗೆ?

1935. ಅಮೆರಿಕದ ಆಕ್ರನ್ ಊರು.
ಷೇರುಪೇಟೆಯ ಬಿಲ್, ಸರ್ಜನ್ ಬಾಬ್. ಇಬ್ಬರಿಗೂ ಕುಡಿತದ ಚಟ.
ಕೂತು ಮಾತಾಡಿದರು, ಅಷ್ಟೇ.
ಅಲ್ಲಿಂದ ಹುಟ್ಟಿದ್ದು ಕುಡಿತ ಬಿಡುವವರ ಬಳಗ, ಆಲ್ಕೊಹಾಲಿಕ್ಸ್ ಅನಾನಿಮಸ್. ಚಿಕ್ಕದಾಗಿ, ಎಎ.

ಬೆಂಗಳೂರಲ್ಲೂ ಎಎ ಸಭೆಗಳಿವೆ.
ದೊಡ್ಡ ಬೋರ್ಡು ಕಾಣೋದು ಕಷ್ಟ. ಯಾವುದೋ ಶಾಲೆಯ ಕೋಣೆ, ಚರ್ಚಿನ ಹಾಲ್.
ಎಎ ಇಂಡಿಯಾ ವೆಬ್‌ಸೈಟಲ್ಲಿ ಸಭೆಗಳ ವಿವರ ಸಿಗುತ್ತೆ.

ಮೊದಲ ದಿನದ ಪುಕಪುಕ, ಹೊಸ ಶಾಲೆಗೆ ಸೇರಿದ ಮಗುವಿನದೇ.
ಆದರೆ ಇಲ್ಲಿ ಕೂತವರೆಲ್ಲ ಅದೇ ಪರೀಕ್ಷೆಯಲ್ಲಿ ಫೇಲಾಗಿ ಬಂದವರು!
ಫೀಸಿಲ್ಲ. ಪೂರ್ತಿ ಹೆಸರು ಹೇಳಬೇಕಿಲ್ಲ.
ಬಾಯಿ ಬಿಡದೆ ಕೇಳಿಸಿಕೊಂಡು ಎದ್ದು ಬಂದರೂ ನಡೆಯುತ್ತೆ.
'ಓಪನ್' ಸಭೆಗೆ ಮನೆಯವರೂ ಬರಬಹುದು. 'ಕ್ಲೋಸ್ಡ್' ಅಂದರೆ ಕುಡಿತದ ಸಮಸ್ಯೆ ಇರುವವರಿಗೆ ಮಾತ್ರ.
ಹೆಂಡತಿ, ಮಕ್ಕಳು, ತಂದೆ–ತಾಯಿಗೆ ಬೇರೆ ಬಳಗವೇ ಇದೆ: ಅಲ್–ಅನಾನ್.

ಹಳ್ಳಿ ಕಡೆ?
ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ಮದ್ಯವರ್ಜನ ಶಿಬಿರ ನಡೆಸ್ತಾರೆ.
ಶಿಬಿರ ಮುಗಿಸಿದವರು ಆಮೇಲೂ ಸೇರೋದು ನವಜೀವನ ಸಮಿತಿಗಳಲ್ಲಿ.

ಒಂದು ಎಚ್ಚರಿಕೆ.
ದಿನವೂ ವಿಪರೀತ ಕುಡಿಯುವವರು ಏಕಾಏಕಿ ನಿಲ್ಲಿಸಿದರೆ ಕೈಕಾಲು ನಡುಗಬಹುದು, ಫಿಟ್ಸ್ ಬರಬಹುದು. ಜೀವಕ್ಕೇ ಅಪಾಯ.
ಅಂಥವರು ಮೊದಲು ಡಾಕ್ಟರ ಹತ್ತಿರ, ಆಮೇಲೆ ಸಭೆಗೆ.
ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ಚಟ ಬಿಡಿಸೋದಕ್ಕೇ ಪ್ರತ್ಯೇಕ ವಿಭಾಗವಿದೆ.

ಯಾರನ್ನ ಕೇಳೋದು ಅಂತಲೇ ಗೊತ್ತಾಗದಿದ್ದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್: 14416.
ಉಚಿತ. ಕನ್ನಡದಲ್ಲೇ ಮಾತಾಡಬಹುದು, ನಡುರಾತ್ರಿಯಾದರೂ.